ವಿಮಾನವೆಂದರೆ ಆಗದು, ಆದರೂ ಹೋಗಲೇಬೇಕು: ಕಿವಿ ವೈದ್ಯರೊಬ್ಬರ ಉತ್ತರ

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದವಳು, ವಯಸ್ಸು 61, ನಿವೃತ್ತ ಶಿಕ್ಷಕಿ. ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತೇನೆ. ಕಳೆದ ವರ್ಷ ನೆಗಡಿಯಿದ್ದಾಗಲೇ ಮೊದಲ ಬಾರಿ ವಿಮಾನ ಹತ್ತಿ ಬೆಂಗಳೂರಿನಿಂದ ದೆಹಲಿಗೆ ಹೋದೆ. ಹೊರಡುವ ಮೊದಲೇ ಕಾಲಡಿಯಲ್ಲಿ ಯಾರೋ ಗರಗಸ ಎಳೆದಂಥ ಸದ್ದು ಬಂತು. ಮೇಲೇರಿದ ಸ್ವಲ್ಪ ಹೊತ್ತಿಗೆ ಎಂಜಿನ್ ನಿಂತು ವಿಮಾನ ಕೆಳಕ್ಕೆ ಕುಸಿದಂತಾಯಿತು. ಇಳಿಯುವಾಗ ಎಡಗಿವಿಯಲ್ಲಿ ಸೂಜಿ ಚುಚ್ಚಿದಂಥ ನೋವು. ಐದು ದಿನ ಕಿವಿ ಮುಚ್ಚಿಕೊಂಡೇ ಇತ್ತು. ಹೆದರಿ ರೈಲಿನಲ್ಲಿ ಹಿಂದಿರುಗಿದೆ. ಈಗ ಫ್ರಾಂಕ್‌ಫರ್ಟಿನಲ್ಲಿರುವ ಮಗಳಿಗೆ ಜನವರಿಯಲ್ಲಿ ಹೆರಿಗೆ, ಡಿಸೆಂಬರಿನಲ್ಲೇ ಹೊರಡಬೇಕು. ಅಹಮದಾಬಾದಿನ ದುರಂತದ ನಂತರ ಇದ್ದ ಧೈರ್ಯವೂ ಹೋಗಿದೆ. ನಿದ್ರೆ ಮಾತ್ರೆ ನುಂಗಿ ಮಲಗಿಬಿಡಲೇ? ಯಾವ ಸೀಟು ಕೇಳಲಿ? ಕಿವಿಗೆ ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. "ನನಗೆ ವಿಮಾನವೆಂದರೆ ಆಗುವುದಿಲ್ಲ" ಎಂಬ ಒಂದೇ ಮಾತಿನೊಳಗೆ ನೀವು ಕನಿಷ್ಠ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಗಂಟು ಕಟ್ಟಿ ಇಟ್ಟಿದ್ದೀರಿ: ಕಿವಿಯ ನೋವು, ಕುಸಿದಂಥ ಅನುಭವ, ಅರ್ಥವಾಗದ ಸದ್ದು, ಸಾವಿನ ಭಯ. ಗಂಟನ್ನು ಗಂಟಾಗಿಯೇ ಹೊತ್ತರೆ ಭಾರ. ಒಂದೊಂದು ಎಳೆಯನ್ನೂ ಬಿಡಿಸಿ ನೋಡಿದರೆ ಮೂರಕ್ಕೆ ಸರಳವಾದ ಉಪಾಯಗಳಿವೆ, ನಾಲ್ಕನೆಯದು ತಾನಾಗಿಯೇ ಸಡಿಲವಾಗುತ್ತದೆ. ನಾನು ಕಿವಿ, ಮೂಗು, ಗಂಟಲಿನ ವೈದ್ಯ. ಮೊದಲ ಎರಡೂ ನನ್ನ ಕಸುಬಿಗೇ ಸೇರಿದವಾದ್ದರಿಂದ ಅವುಗಳ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಬೇಸರಿಸಬೇಡಿ.

ವಿಮಾನ 35,000 ಅಡಿಗಿಂತ ಮೇಲೆ ಹಾರುತ್ತಿದ್ದರೂ ಒಳಗಿನ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಹಾಗೆಂದು ನೆಲದ ಮಟ್ಟದ ಒತ್ತಡ ಅಲ್ಲಿರುವುದಿಲ್ಲ. ದೇಶದೊಳಗಿನ ಹೆಚ್ಚಿನ ವಿಮಾನಗಳಲ್ಲಿ ಕ್ಯಾಬಿನ್ನಿನ ಗಾಳಿ 8000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ತೆಳುವಾಗಬಹುದು. ಎಂದರೆ ಊಟಿಗಿಂತ ತುಸು ಮೇಲೆ ಕುಳಿತಂತೆ. ದೂರಪ್ರಯಾಣದ ಹೊಸ ವಿಮಾನಗಳಾದ ಬೋಯಿಂಗ್ 787 ಮತ್ತು ಏರ್‌ಬಸ್ ಎ350ಗಳಲ್ಲಿ ಇದು ಸುಮಾರು 6000 ಅಡಿಗೆ ಸೀಮಿತ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪ ಕೆಳಗೆ ಎನ್ನಿ. ಟಿಕೆಟ್ ಕಾದಿರಿಸುವಾಗ ವಿಮಾನದ ಮಾದರಿ ಯಾವುದೆಂದು ತೋರಿಸುತ್ತಾರೆ. ದರ ಹೆಚ್ಚುಕಡಿಮೆ ಒಂದೇ ಇದ್ದರೆ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ಮಗಳಿಗೆ ಹೇಳಿ. ಕಿವಿಗೂ, ಹೊಟ್ಟೆಗೂ, ಮರುದಿನದ ಆಯಾಸಕ್ಕೂ ಆ ವ್ಯತ್ಯಾಸ ಗೊತ್ತಾಗುತ್ತದೆ.

ಮೂಗಿನ ಹಿಂಭಾಗದಿಂದ, ಕಿವಿಯ ತಮಟೆಯ ಹಿಂದಿರುವ ನಡುಗಿವಿಗೆ ಒಂದು ಕಿರಿದಾದ ನಾಳವಿದೆ, ಯೂಸ್ಟೇಷಿಯನ್ ನಾಳ. ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್. ಅದು ಸದಾ ಮುಚ್ಚಿಕೊಂಡೇ ಇರುತ್ತದೆ; ನುಂಗುವಾಗ, ಆಕಳಿಸುವಾಗ ಮಾತ್ರ ಕ್ಷಣಕಾಲ ತೆರೆಯುತ್ತದೆ. ವಿಮಾನ ಏರುವಾಗ ನಡುಗಿವಿಯಲ್ಲಿ ಹಿಗ್ಗಿದ ಗಾಳಿ ನಾಳವನ್ನು ತಾನೇ ತಳ್ಳಿಕೊಂಡು ಹೊರಬರುತ್ತದೆ, ಹಾಗಾಗಿ ಏರುವಾಗ ತೊಂದರೆ ಕಡಿಮೆ. ಇಳಿಯುವಾಗ ಲೆಕ್ಕ ತಿರುಗುಮುರುಗು. ಹೊರಗಿನ ಒತ್ತಡ ಏರುತ್ತಿರುತ್ತದೆ, ಒಳಗೆ ತೆಳುಗಾಳಿ. ನಾಳದ ಬಾಯಿ ಒದ್ದೆ ಬಟ್ಟೆಯಂತೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಕಿವಿಯ ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆತವೇ ನೀವು ಹೇಳಿದ ಸೂಜಿಯ ನೋವು. ಒತ್ತಡದ ಅಂತರ ಒಂದು ಮಿತಿ ದಾಟಿದ ಮೇಲೆ ಎಷ್ಟು ನುಂಗಿದರೂ ನಾಳ ತೆರೆಯುವುದಿಲ್ಲ. ನೆಗಡಿಯಿದ್ದರಂತೂ ನಾಳದ ಒಳಪದರ ಮೊದಲೇ ಊದಿಕೊಂಡಿರುತ್ತದೆ. ನಡುಗಿವಿಯಲ್ಲಿ ಹಾಗೆ ಉಳಿದ ಕಡಿಮೆ ಒತ್ತಡಕ್ಕೆ ಸುತ್ತಲಿನ ಪದರದಿಂದ ನೀರು ಒಸರಿ ತುಂಬಿಕೊಳ್ಳುತ್ತದೆ. ನಿಮ್ಮ ಕಿವಿ ಐದು ದಿನ ಮುಚ್ಚಿಕೊಂಡದ್ದು ಬಹುಪಾಲು ಇದರಿಂದಲೇ.

ಇದನ್ನೆಲ್ಲ ಪುಸ್ತಕದಿಂದ ಓದಿದ ಜಾಣತನದಲ್ಲಿ ಹೇಳುತ್ತಿದ್ದೇನೆಂದುಕೊಳ್ಳಬೇಡಿ. ವರ್ಷಗಳ ಹಿಂದೆ ನಾನೇ ನೆಗಡಿಯಲ್ಲಿ ವಿಮಾನ ಹತ್ತಿ, ಇಳಿಯುವಾಗ ಗಾಢವಾಗಿ ನಿದ್ರಿಸಿ, ಕಿವಿ ತಜ್ಞರ ಸಮ್ಮೇಳನವೊಂದರಲ್ಲಿ ಎರಡು ದಿನ ಒಂದೇ ಕಿವಿಯಲ್ಲಿ ಉಪನ್ಯಾಸ ಕೇಳಿದವನು. ಪಕ್ಕದಲ್ಲಿ ಕುಳಿತಿದ್ದ ಗೆಳೆಯರಿಗೆ ಅದಕ್ಕಿಂತ ದೊಡ್ಡ ಮನರಂಜನೆ ಆ ಸಮ್ಮೇಳನದಲ್ಲಿ ಸಿಗಲಿಲ್ಲ.

ಇನ್ನೊಂದು ವಿಷಯವನ್ನು ಯಾರೂ ನಿಮಗೆ ಹೇಳಿರಲಾರರು. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ದೆಹಲಿಯ ನಿಲ್ದಾಣ ಇರುವುದು 800 ಅಡಿಗಿಂತ ಕೆಳಗೆ, ಫ್ರಾಂಕ್‌ಫರ್ಟಿನದು 400 ಅಡಿಗಿಂತ ಕೆಳಗೆ. ಕ್ಯಾಬಿನ್ 8000 ಅಡಿಯ ಮಟ್ಟದಲ್ಲಿದ್ದರೆ ದೆಹಲಿಯಲ್ಲಿ ಇಳಿಯುವ ಕಿವಿ ಏಳು ಸಾವಿರ ಅಡಿಗೂ ಹೆಚ್ಚು ಇಳಿಯಬೇಕು. ಅದೇ ವಿಮಾನ ಬೆಂಗಳೂರಿಗೆ ಬಂದರೆ ಐದು ಸಾವಿರ ಅಡಿ ಮಾತ್ರ. ಎಂದರೆ ನೆಗಡಿ ಇಳಿದ ಮೇಲೆ ನೀವು ವಿಮಾನದಲ್ಲೇ ಹಿಂದಿರುಗಿದ್ದರೆ ಕಿವಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಫ್ರಾಂಕ್‌ಫರ್ಟಿನಲ್ಲಿ 6000 ಅಡಿಯ ಕ್ಯಾಬಿನ್ನಿನಿಂದ ಇಳಿದರೂ ಐದೂವರೆ ಸಾವಿರ ಅಡಿಗಿಂತ ಹೆಚ್ಚು ಇಳಿಕೆ ಇದ್ದೇ ಇದೆ. ಆದ್ದರಿಂದ ಸಿದ್ಧತೆ ಬೇಕು.

ಹೊರಡುವ ಎರಡು ಮೂರು ವಾರಗಳ ಮೊದಲು ಕಿವಿ ವೈದ್ಯರೊಬ್ಬರಿಗೆ ಎರಡೂ ಕಿವಿಗಳನ್ನು ತೋರಿಸಿ. ಗುಗ್ಗೆ ಗಟ್ಟಿಯಾಗಿದ್ದರೆ ತೆಗೆಯುತ್ತಾರೆ. ಎಡಗಿವಿಯ ತಮಟೆ ಸರಿಯಾಗಿ ಅಲುಗುತ್ತಿದೆಯೇ, ಹಿಂದೆ ನೀರು ಉಳಿದಿದೆಯೇ ಎಂಬುದನ್ನು ಟಿಂಪನೊಮೆಟ್ರಿ ಎಂಬ ನೋವಿಲ್ಲದ ಸಣ್ಣ ಪರೀಕ್ಷೆಯಲ್ಲಿ ನೋಡುತ್ತಾರೆ. ಮೂಗಿನ ಅಲರ್ಜಿ ಇದ್ದರೆ ಅದಕ್ಕೆ ಆಗಿನಿಂದಲೇ ಚಿಕಿತ್ಸೆ ಶುರುವಾಗಬೇಕು, ಹಿಂದಿನ ರಾತ್ರಿಯಿಂದಲ್ಲ. ಮೂಗು ಕಟ್ಟಿದ್ದಾಗ ಇಳಿಕೆಗೆ ಸುಮಾರು ಅರ್ಧ ಗಂಟೆ ಮೊದಲು ಆಕ್ಸಿಮೆಟಜೋಲಿನ್ ಅಥವಾ ಜೈಲೋಮೆಟಜೋಲಿನ್ ಇರುವ ಮೂಗಿನ ಸ್ಪ್ರೇ ಹಾಕಿಕೊಳ್ಳುವುದುಂಟು. ನಿಮಗೆ ರಕ್ತದೊತ್ತಡ ಇರುವುದರಿಂದ ನಿಮ್ಮ ವೈದ್ಯರ ಒಪ್ಪಿಗೆ ಪಡೆದೇ ಅದನ್ನು ಬಳಸಿ. ಒಪ್ಪಿದರೂ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಬೇಡ, ಆಮೇಲೆ ಸ್ಪ್ರೇಯೇ ಮೂಗು ಕಟ್ಟಿಸತೊಡಗುತ್ತದೆ. ನೆಗಡಿಗೆಂದು ಅಂಗಡಿಯಲ್ಲಿ ಸಿಗುವ ಕೆಲವು ಮಾತ್ರೆಗಳು ರಕ್ತದೊತ್ತಡ ಏರಿಸುತ್ತವೆ, ಅವನ್ನು ಕೇಳದೆ ನುಂಗಬೇಡಿ.

ಇಳಿಯುವಾಗ ಎಚ್ಚರವಾಗಿರುವುದು ಎಲ್ಲಕ್ಕಿಂತ ಮುಖ್ಯ. ನಿದ್ರೆಯಲ್ಲಿ ನಾವು ನುಂಗುವುದೇ ಅಪರೂಪ, ನಾಳ ತೆರೆಯುವುದೂ ಅಪರೂಪ. ಹತ್ತಿದ ಕೂಡಲೇ ಗಗನಸಖಿಗೆ "ನನಗೆ ಕಿವಿಯ ತೊಂದರೆ ಇದೆ, ಇಳಿಯಲು ಮುಕ್ಕಾಲು ಗಂಟೆ ಇರುವಾಗ ಎಬ್ಬಿಸಿ" ಎಂದು ಹೇಳಿಡಿ. ಎದ್ದ ಮೇಲೆ ಬಾಟಲಿಯ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಿ, ಇಲ್ಲವೇ ಏಲಕ್ಕಿ ಕಾಳೊಂದನ್ನು ಜಗಿಯುತ್ತಿರಿ. ಅದರಿಂದ ಸಾಲದಿದ್ದರೆ ಎರಡು ಬೆರಳಿಂದ ಮೂಗು ಹಿಡಿದು, ಬಾಯಿ ಮುಚ್ಚಿ, ಸಿಂಬಳ ತೆಗೆಯುವಾಗ ಊದುವಂತೆ ಮೆಲ್ಲಗೆ ಊದಿ. ಕಿವಿಯಲ್ಲಿ "ಟಪ್" ಎಂದರೆ ನಾಳ ತೆರೆಯಿತು ಎಂದರ್ಥ. ಕಿವಿ ಮುಚ್ಚುವ ಮೊದಲೇ, ಒಂದೆರಡು ನಿಮಿಷಕ್ಕೊಮ್ಮೆ ಇದನ್ನು ಮಾಡಬೇಕು. ನೋವು ಬರುವವರೆಗೆ ಕಾದು ಆಮೇಲೆ ಬಲವಾಗಿ ಊದಿದರೆ ಒಳಗಿವಿಗೇ ಪೆಟ್ಟಾಗಬಹುದು. ಊದಲು ಹೆದರಿಕೆಯಾದರೆ ಮೂಗು ಹಿಡಿದುಕೊಂಡೇ ಒಂದು ಗುಟುಕು ನೀರು ನುಂಗಿ. ಹಲವರಿಗೆ ಇದೇ ಸುಲಭ.

ಈ ಅಭ್ಯಾಸಕ್ಕೆ ನಮ್ಮೂರಿನವರಿಗಿರುವ ಅನುಕೂಲ ಬೇರೆಯವರಿಗಿಲ್ಲ. ನಂದಿಬೆಟ್ಟದ ಎತ್ತರ 1478 ಮೀಟರ್, ಕೆಳಗಿನ ನಮ್ಮ ನೆಲಕ್ಕಿಂತ 500 ಮೀಟರಿಗೂ ಹೆಚ್ಚು. ಬೆಟ್ಟದಿಂದ ಕಾರಿನಲ್ಲಿ ಇಳಿಯುವಾಗ ತಿರುವುಗಳ ನಡುವೆ ಕಿವಿ "ಗುಂಯ್" ಎಂದು ಮುಚ್ಚಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಅನುಭವ. ಫ್ರಾಂಕ್‌ಫರ್ಟಿನ ಇಳಿಕೆಯ ಮೂರನೆಯ ಒಂದು ಭಾಗ ಅಲ್ಲೇ ನಡೆದುಹೋಗುತ್ತದೆ. ಒಂದು ಭಾನುವಾರ ಮಗನೋ ಅಳಿಯನೋ ಕಾರು ಓಡಿಸಲಿ, ನೀವು ಪಕ್ಕದಲ್ಲಿ ಕುಳಿತು, ಮೊದಲ ತಿರುವಿನಿಂದಲೇ ಮೂಗು ಹಿಡಿದು ಅಭ್ಯಾಸ ಮಾಡಿ. ಕೆಳಗೆ ಬರುವ ಹೊತ್ತಿಗೆ ನಿಮ್ಮ ಎಡಗಿವಿಗೆ ಯಾವ ಉಪಾಯ ಒಗ್ಗುತ್ತದೆ ಎಂಬುದು ನಿಮಗೇ ತಿಳಿದಿರುತ್ತದೆ. ನನ್ನ ಬಳಿ ಬರುವವರಿಗೆ ನಾನು ಇದನ್ನು ಬರೆದೇ ಕೊಡುತ್ತೇನೆ. ಚೀಟಿಯಲ್ಲಿ ಔಷಧದ ಬದಲು "ನಂದಿಬೆಟ್ಟ, ಎರಡು ಸಲ" ಎಂದಿರುವುದನ್ನು ಕಂಡು ಔಷಧ ಅಂಗಡಿಯವರು ನಕ್ಕದ್ದುಂಟು.

ಇನ್ನು ಆ ಕುಸಿತ. ಅಲ್ಲಿ ವಿಮಾನ ಕುಸಿಯಲಿಲ್ಲ, ನಿಮ್ಮ ಒಳಗಿವಿ ನಿಮಗೆ ಸುಳ್ಳು ಹೇಳಿತು. ಒಳಗಿವಿಯಲ್ಲಿ ಅಂಟಿನಂಥ ಪದರದ ಮೇಲೆ ಸುಣ್ಣದ ಅತಿಸಣ್ಣ ಹರಳುಗಳು ಕುಳಿತಿರುತ್ತವೆ. ತಲೆ ಓರೆಯಾದರೆ ಅವು ಜಾರಿ, ಯಾವ ಕಡೆ ಇಳಿಜಾರೆಂದು ಮಿದುಳಿಗೆ ತಿಳಿಸುತ್ತವೆ. ಆದರೆ ಮುಂದಕ್ಕೆ ವೇಗ ಹೆಚ್ಚಿದಾಗಲೂ ಅವು ಹಿಂದಕ್ಕೆ ಜಾರುತ್ತವೆ. ಓರೆಯಾದದ್ದಕ್ಕೂ ವೇಗ ಪಡೆದದ್ದಕ್ಕೂ ವ್ಯತ್ಯಾಸ ಗುರುತಿಸುವ ಶಕ್ತಿ ಅವುಗಳಿಗಿಲ್ಲ. ಹಾಗಾಗಿ ವಿಮಾನ ನೆಲ ಬಿಡುವಾಗ ನಿಜಕ್ಕೂ ಹದಿನೈದು ಡಿಗ್ರಿಯಷ್ಟು ಮೂಗೆತ್ತಿದ್ದರೂ ನಮಗೆ ಇನ್ನೂ ಕಡಿದಾಗಿ ಏರುತ್ತಿರುವಂತೆ ತೋರುತ್ತದೆ. ನೆಲದಿಂದ 1000–1500 ಅಡಿ ಏರುವ ಹೊತ್ತಿಗೆ ಪೈಲಟ್ ಎಂಜಿನ್‌ಗಳ ಪೂರ್ಣ ಬಲವನ್ನು ಏರಿಕೆಗೆ ಬೇಕಾದ ಮಟ್ಟಕ್ಕೆ ತಗ್ಗಿಸುತ್ತಾರೆ, ಆಮೇಲೆ ವೇಗ ಕೂಡಿಸಿಕೊಳ್ಳಲು ಮೂಗನ್ನು ಸ್ವಲ್ಪ ಇಳಿಸುತ್ತಾರೆ. ಸದ್ದು ತಗ್ಗುತ್ತದೆ, ಬೆನ್ನಿಗೆ ಒತ್ತುತ್ತಿದ್ದ ಸೀಟು ಸಡಿಲವಾಗುತ್ತದೆ, ಹರಳುಗಳು ಮುಂದಕ್ಕೆ ಜಾರುತ್ತವೆ. ಮಿದುಳು ಇದೆಲ್ಲವನ್ನೂ "ಬಿದ್ದೆವು" ಎಂದು ಓದಿಕೊಳ್ಳುತ್ತದೆ. ಆ ಕ್ಷಣದಲ್ಲೂ ವಿಮಾನ ಏರುತ್ತಲೇ ಇರುತ್ತದೆ. ಮುಂದಿನ ಸಲ ಸೀಟಿನ ಮುಂದಿರುವ ಪರದೆಯಲ್ಲಿ ಹಾರಾಟದ ನಕ್ಷೆ ತೆರೆದಿಟ್ಟುಕೊಂಡು, ಎದೆ ಕುಸಿದಾಗ ಎತ್ತರದ ಅಂಕಿಯನ್ನು ನೋಡಿ. ಅದು ಹೆಚ್ಚುತ್ತಿರುತ್ತದೆ. ಮೂವತ್ತು ವರ್ಷ ಲೆಕ್ಕ ಕಲಿಸಿದವರಿಗೆ ವಿವರಣೆಗಿಂತ ಅಂಕಿಯ ಮೇಲೆ ಹೆಚ್ಚು ನಂಬಿಕೆ ಇದ್ದೀತು ಎಂಬುದು ನನ್ನ ಊಹೆ. ನೀವು ಕನ್ನಡ ಮೇಷ್ಟರಾಗಿದ್ದರೆ ಕ್ಷಮಿಸಿ.

ಗರಗಸದ ಸದ್ದು ಕೇಳಿ ನೀವು ಹೆದರಿದ್ದು ಸಹಜ, ನಾಯಿ ಬೊಗಳಿದಂತೆ ಕೇಳಿಸಿತು ಎನ್ನುವವರೂ ಇದ್ದಾರೆ. ದೇಶದೊಳಗೆ ಬಹಳವಾಗಿ ಹಾರುವ ಎ320 ಜಾತಿಯ ವಿಮಾನಗಳಲ್ಲಿ ಎರಡು ಹೈಡ್ರಾಲಿಕ್ ವ್ಯವಸ್ಥೆಗಳ ನಡುವೆ ಒತ್ತಡವನ್ನು ಸಾಗಿಸುವ ಪಂಪೊಂದಿದೆ. ಒಂದು ಎಂಜಿನ್ ಮಾತ್ರ ಓಡುತ್ತಿರುವಾಗ ಅಥವಾ ಎರಡನೆಯದನ್ನು ಚಾಲೂ ಮಾಡುವಾಗ ಅದು ತನ್ನ ಪರೀಕ್ಷೆ ಮಾಡಿಕೊಳ್ಳುತ್ತಾ ಹಾಗೆ ಕೂಗುತ್ತದೆ. ಏರಿದ ಕೂಡಲೇ ಬರುವ "ಧಡ್" ಎಂಬ ಸದ್ದು ಚಕ್ರಗಳು ಒಳಗೆ ಸೇರಿ ಬಾಗಿಲು ಮುಚ್ಚಿಕೊಂಡದ್ದು. ರೆಕ್ಕೆಯ ಹಿಂಬದಿಯ ಹಲಗೆಗಳು ಒಳಹೋಗುವಾಗಲೂ ಹೊರಬರುವಾಗಲೂ ಮರ ಕೊರೆದಂತೆ ಗುಂಯ್ಗುಡುತ್ತದೆ. ನೆಲ ಮುಟ್ಟಿದ ಮರುಕ್ಷಣದ ದೊಡ್ಡ ಆರ್ಭಟ ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಕೆಲಸ. ನಡುನಡುವೆ "ಟಿಂಗ್" ಎನ್ನುವ ಗಂಟೆ ಹೆಚ್ಚಿನ ಸಲ ಸಿಬ್ಬಂದಿಯನ್ನು ಕರೆಯುವ ಫೋನಿನದು, ಅಪಾಯದ ಸೂಚನೆಯಲ್ಲ.

ಕುಲುಕಾಟದ ಬಗ್ಗೆ ನೀವು ಕೇಳಿಲ್ಲ. ಒಂಬತ್ತು ಗಂಟೆಗೂ ಮೀರಿದ ಹಾರಾಟದಲ್ಲಿ ಅದು ಬಂದೇ ಬರುತ್ತದೆ. ಸಾಮಾನ್ಯ ಕುಲುಕಾಟದಲ್ಲಿ ವಿಮಾನದ ಎತ್ತರ ಬದಲಾಗುವುದು ಕೆಲವೇ ಅಡಿ, ನಮಗೆ ಮಾತ್ರ ನೂರಾರು ಅಡಿ ಎನಿಸುತ್ತದೆ. ಸುಳ್ಳು ಹೇಳುವ ಕಿವಿ ಅದೇ ತಾನೇ. 2024ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟ ವಿಮಾನವೊಂದು ತೀವ್ರ ಕುಲುಕಾಟಕ್ಕೆ ಸಿಕ್ಕಿ, ಪ್ರಯಾಣಿಕರೊಬ್ಬರು ತೀರಿಕೊಂಡು ಹಲವರು ಗಾಯಗೊಂಡದ್ದನ್ನು ನೀವು ಓದಿರಬಹುದು. ಪತ್ರಿಕೆಗಳಲ್ಲಿ ಸಾವಿರಾರು ಅಡಿ ಬಿತ್ತೆಂದು ಬಂದಿತ್ತು. ತನಿಖೆಯ ಪ್ರಾಥಮಿಕ ವರದಿಯ ಪ್ರಕಾರ ಆ ಘಳಿಗೆಯಲ್ಲಿ ವಿಮಾನ ಇಳಿದದ್ದು ಐದು ಸೆಕೆಂಡಿನೊಳಗೆ 178 ಅಡಿ. ಗಾಯವಾದದ್ದು ವಿಮಾನ ಮುರಿದದ್ದರಿಂದಲ್ಲ, ಬೆಲ್ಟು ಕಟ್ಟದವರು ಮೇಲಕ್ಕೆ ಎಸೆಯಲ್ಪಟ್ಟದ್ದರಿಂದ. ಕುಳಿತಿರುವಷ್ಟು ಹೊತ್ತೂ, ಬೆಲ್ಟಿನ ಸೂಚನೆಯ ದೀಪ ಆರಿದ್ದರೂ, ಬೆಲ್ಟನ್ನು ಸಡಿಲವಾಗಿಯಾದರೂ ಕಟ್ಟಿಕೊಂಡಿರಿ. ಹೊದಿಕೆಯ ಮೇಲೆಯೇ ಕಟ್ಟಿಕೊಂಡರೆ ನೀವು ಮಲಗಿದ್ದಾಗ ಸಿಬ್ಬಂದಿ ಎಬ್ಬಿಸಿ ನೋಡಬೇಕಾಗುವುದಿಲ್ಲ. ರೆಕ್ಕೆ ಬಾಗುವುದನ್ನು ಕಂಡು ಗಾಬರಿಯಾಗಬೇಡಿ. ಬಳಕೆಯಲ್ಲಿ ಎದುರಾಗಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟನ್ನು ತಡೆಯುವುದು ಸಾಬೀತಾಗದೆ ಯಾವ ಪ್ರಯಾಣಿಕ ವಿಮಾನಕ್ಕೂ ಹಾರಲು ಅನುಮತಿಯಿಲ್ಲ. ಬಾಗುವುದಕ್ಕೆಂದೇ ಅವನ್ನು ಮಾಡಿರುತ್ತಾರೆ, ಗಾಳಿಗೆ ತೂಗುವ ತೆಂಗಿನ ಗರಿಯ ಹಾಗೆ.

ಅಹಮದಾಬಾದಿನ ಬಗ್ಗೆ ಏನು ಹೇಳಲಿ? 2025ರ ಜೂನ್ 12ರಂದು ಅಲ್ಲಿ ನೆಲದ ಮೇಲಿದ್ದವರೂ ಸೇರಿ 260 ಜನ ಸತ್ತರು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ. ಅದನ್ನು ನೆನೆದು ಹೆದರುವವರನ್ನು ಅವಿವೇಕಿಗಳೆನ್ನಲು ನನಗೆ ಮನಸ್ಸು ಬಾರದು. ಅಮೆರಿಕದ ಎಂಐಟಿಯ ಸಂಶೋಧಕರು 2018ರಿಂದ 2022ರವರೆಗಿನ ಜಾಗತಿಕ ಲೆಕ್ಕ ಹಾಕಿ, ವಿಮಾನ ಹತ್ತಿದ ಸುಮಾರು 1 ಕೋಟಿ 37 ಲಕ್ಷ ಸಲಕ್ಕೆ ಒಂದು ಸಾವು ಎಂದಿದ್ದಾರೆ. ಅದೇ ನಮ್ಮ ಕರ್ನಾಟಕದ ರಸ್ತೆಗಳಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಆದರೆ ಇಂಥ ಅಂಕಿಗಳಿಂದ ಭಯ ಇಳಿದದ್ದನ್ನು ನಾನು ಹೆಚ್ಚು ಕಂಡಿಲ್ಲ. ಭಯ ಇಳಿಯುವುದು ದೇಹದ ಮೂಲಕ. ಎದೆ ಹೊಡೆದುಕೊಳ್ಳತೊಡಗಿದರೆ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, ಆರೋ ಏಳೋ ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಬಿಡುವ ಉಸಿರು ಉದ್ದವಾಗಿರುವುದೇ ಇಲ್ಲಿ ಮುಖ್ಯ. ಪಾದಗಳನ್ನು ನೆಲಕ್ಕೆ ಒತ್ತಿ, ಕೈಹಿಡಿಯನ್ನು ಬಿಗಿಯಾಗಿ ಹಿಡಿದು ಸಡಿಲಿಸಿ. ಗಾಬರಿಯ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನೇ ಇಳಿಯುತ್ತದೆ, ಅದನ್ನು ತಡೆಯಲು ಹೆಣಗಿದಷ್ಟೂ ಹೆಚ್ಚು ಹೊತ್ತು ನಿಲ್ಲುತ್ತದೆ. ಹೊರಡುವ ದಿನ ಮಧ್ಯಾಹ್ನದ ನಂತರ ಕಾಫಿ ಬಿಡಿ. ಕಾಫಿಯ ಎದೆಬಡಿತವನ್ನೂ ಮನಸ್ಸು ಭಯದ ಖಾತೆಗೇ ಬರೆದುಕೊಳ್ಳುತ್ತದೆ. ದಿನ ಹತ್ತಿರವಾದಂತೆ ನಿದ್ರೆ, ಊಟ ಕೆಡುವಷ್ಟು ಭಯವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹಂತ ಹಂತವಾಗಿ ಭಯಕ್ಕೆ ಎದುರಾಗಿಸುವ ಚಿಕಿತ್ಸೆ ಇದೆ, ಅದು ಫಲ ಕೊಡುತ್ತದೆ. ನಿಮ್ಮ ಮಟ್ಟಿಗೆ ಮೊದಲ ಹಂತ ಬಹಳ ಹತ್ತಿರದಲ್ಲಿದೆ: ಒಂದು ಸಂಜೆ ದೇವನಹಳ್ಳಿಗೆ ಹೋಗಿ, ಅಂತರರಾಷ್ಟ್ರೀಯ ವಿಮಾನಗಳು ಹೊರಡುವ ಎರಡನೆಯ ಟರ್ಮಿನಲ್ಲಿನ ಹೊರಗೆ ಅರ್ಧ ಗಂಟೆ ಕುಳಿತು, ಜನ ಬಂದು ಹೋಗುವುದನ್ನು ನೋಡಿ ಬನ್ನಿ. ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ, ಹೊರಗೆ ಕುಳಿತರೂ ಸಾಕು.

ನಿದ್ರೆ ಮಾತ್ರೆಗೆ ನನ್ನ ಉತ್ತರ: ಬೇಡ. ಮಾತ್ರೆಯ ನಿದ್ರೆಯಲ್ಲಿ ಮನುಷ್ಯ ಹೊರಳುವುದಿಲ್ಲ, ಕಾಲು ಅಲುಗಿಸುವುದಿಲ್ಲ. ಗಂಟೆಗಟ್ಟಲೆ ಮಡಿಚಿದ ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ನಾಲ್ಕು ಗಂಟೆಗಿಂತ ಉದ್ದದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಒಟ್ಟಾರೆ ಲೆಕ್ಕದಲ್ಲಿ ಅದು ಆರು ಸಾವಿರಕ್ಕೆ ಒಬ್ಬರಷ್ಟು, ಹೆದರುವಂಥದ್ದಲ್ಲ, ಮರೆಯುವಂಥದ್ದೂ ಅಲ್ಲ. ಜೊತೆಗೆ ಅರವತ್ತು ದಾಟಿದವರು ಅಂಥ ಮಾತ್ರೆಯಿಂದ ನಡುವೆ ಎದ್ದರೆ ಎಲ್ಲಿದ್ದೇನೆಂದು ತಿಳಿಯದೆ ತಡವರಿಸುವುದುಂಟು, ಮತ್ತು ಇಳಿಯುವಾಗ ಎಚ್ಚರವಿರಬೇಕೆಂದು ನಾನು ಆಗಲೇ ಹೇಳಿದೆ. ನೆರೆಮನೆಯವರು ತಮಗೆ ಬರೆದುಕೊಟ್ಟ ಮಾತ್ರೆಯನ್ನು ಕೊಟ್ಟರೆ ಕೈಮುಗಿದು ಹಿಂದಿರುಗಿಸಿ. ವಾಂತಿಯ ಭಯವಿದ್ದವರು ನುಂಗುವ ಪ್ರೊಮೆಥಜಿನ್ ಮಾತ್ರೆಯೂ ಮಂಪರು ತರಿಸುವಂಥದ್ದೇ, ನಿಮಗೆ ಅದರ ಅಗತ್ಯ ಕಾಣುವುದಿಲ್ಲ. ಬದಲಿಗೆ ಗಂಟೆಗೊಮ್ಮೆ ಹಿಮ್ಮಡಿ ಊರಿ ಬೆರಳೆತ್ತಿ, ಬೆರಳೂರಿ ಹಿಮ್ಮಡಿಯೆತ್ತಿ, ಇಪ್ಪತ್ತು ಸಲ. ಎರಡು ಗಂಟೆಗೊಮ್ಮೆ ಎದ್ದು ಹಿಂಬದಿಯವರೆಗೆ ನಡೆದು ಬನ್ನಿ. ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದ್ದರೆ, ಬಿಗಿ ಕಾಲುಚೀಲ ಬೇಕೇ ಎಂದು ವೈದ್ಯರನ್ನು ಕೇಳಿ.

ಈಗ ಸೀಟು. ರೆಕ್ಕೆಯ ಮೇಲಿನ ಸಾಲುಗಳಲ್ಲಿ ಕುಲುಕಾಟ ಕಡಿಮೆ, ಬಾಲದ ಕಡೆ ಹೆಚ್ಚು. ಹೊರಗೆ ಕಾಣದಿದ್ದರೆ ಉಸಿರುಗಟ್ಟುವವರು ಕಿಟಕಿಯ ಪಕ್ಕ ಕೂರಲಿ. ನಿಮಗೆ ವಯಸ್ಸು, ರಕ್ತದೊತ್ತಡ, ರಾತ್ರಿ ಎದ್ದು ಹೋಗುವ ಅಗತ್ಯ ಎಲ್ಲ ನೋಡಿದರೆ ರೆಕ್ಕೆಯ ಸಮೀಪ, ಓಡಾಡುವ ದಾರಿಯ ಪಕ್ಕದ ಸೀಟೇ ಸರಿ. ಒಳಗಿನ ಸೀಟಿನವರನ್ನು ಎಬ್ಬಿಸಲು ಸಂಕೋಚಪಟ್ಟು ನೀರು ಕುಡಿಯದೆ ಕೂರುವ ಹಿರಿಯರನ್ನು ನಾನು ಬಹಳ ನೋಡಿದ್ದೇನೆ. ಈ ಸೀಟಿಗಾಗಿ ಸ್ವಲ್ಪ ಹಣ ಹೆಚ್ಚು ಕೇಳಿದರೆ ಕೊಟ್ಟುಬಿಡಿ. ಇಡೀ ಪ್ರಯಾಣದಲ್ಲಿ ಅಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಕ್ಯಾಬಿನ್ನಿನ ತೇವಾಂಶ ಶೇ 10ರಿಂದ 20ರಷ್ಟಿರುತ್ತದೆ, ಮೂಗು ಒಣಗಿ ಉರಿಯುತ್ತದೆ. ಉಪ್ಪುನೀರಿನ ಮೂಗಿನ ಸ್ಪ್ರೇ ಇಟ್ಟುಕೊಳ್ಳಿ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಒತ್ತಡ ಇಳಿದಂತೆ ಹೊಟ್ಟೆಯ ಗಾಳಿಯೂ ಹಿಗ್ಗುತ್ತದೆ. ಡಿಸೆಂಬರ್ ಎಂದರೆ ನಮ್ಮ ಕಡೆ ಅವರೆಕಾಯಿಯ ಕಾಲ. ಹಿತಕಿದ ಬೇಳೆ ಸಾರನ್ನು ಬಿಡಿ ಎಂದರೆ ಕಷ್ಟವಾದೀತು, ಆದರೆ ಹೊರಡುವ ದಿನವೂ ಅದರ ಹಿಂದಿನ ದಿನವೂ ದಯವಿಟ್ಟು ಬಿಡಿ. ಬಾಣಂತನಕ್ಕೆ ಹೊರಟವರ ಪೆಟ್ಟಿಗೆಯಲ್ಲಿ ಕೊಬ್ಬರಿ, ತುಪ್ಪ ಇರುತ್ತವೆಂದು ಬಲ್ಲೆ. ಒಣಕೊಬ್ಬರಿಯನ್ನು ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿಗೆ ಸೇರಿಸಿರುವುದರಿಂದ ಒಯ್ಯಲು ಬಿಡುವುದಿಲ್ಲ. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ತರಲು ಯುರೋಪಿನ ಒಕ್ಕೂಟದಲ್ಲಿ ನಿಷೇಧವಿದೆ, ತುಪ್ಪವೂ ಅದರಲ್ಲಿ ಬಂತು. ಮೊದಲೇ ಪುಕ್ಕಲಾದವರ ಪೆಟ್ಟಿಗೆಯನ್ನು ಪಕ್ಕಕ್ಕೆಳೆದು ತೆರೆಸಿದರೆ ಅಲ್ಲಿಗೇ ಅರ್ಧ ಜೀವ ಹೋಗುತ್ತದೆ, ಅದಕ್ಕೇ ಹೇಳಿದೆ. ರಕ್ತದೊತ್ತಡದ ಮಾತ್ರೆಯನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಡಿ.

ಯುರೋಪಿಗೆ ಹೋಗುವ ಹಲವು ವಿಮಾನಗಳು ಇಲ್ಲಿಂದ ನಡುರಾತ್ರಿಯ ನಂತರ ಹೊರಡುತ್ತವೆ. ಮಧ್ಯಾಹ್ನ ಎರಡು ಗಂಟೆ ಮಲಗಿ, ಹೊರಡುವುದಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣ ತಲುಪಿ. ಬೀಳ್ಕೊಡಲು ಮನೆಮಂದಿಯೆಲ್ಲ ಎರಡು ಗಾಡಿಯಲ್ಲಿ ಬರುವ ನಮ್ಮ ಪದ್ಧತಿಗೆ ಈ ಸಲ ವಿರಾಮ ಕೊಡಿ. ಬಾಗಿಲ ಬಳಿಯ ಕಣ್ಣೀರು ಭಯಕ್ಕೆ ಎಣ್ಣೆ ಸುರಿಯುತ್ತದೆ. ನಡೆಯಲು ಬರುವ ನಿಮಗೆ ಮಕ್ಕಳು ವೀಲ್‌ಚೇರ್ ಹೇಳಿದ್ದರೆ ಬೇಡವೆನ್ನಿ. ಅದು ನಡೆಯಲಾರದವರಿಗೆ ಇರಲಿ, ನಿಮ್ಮ ಕಾಲಿಗೆ ಆ ನಡಿಗೆ ಒಳ್ಳೆಯದೇ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಮೊದಲ ಮೂರು ನಾಲ್ಕು ದಿನ ಬೆಳಗಿನ ಜಾವವೇ ಎಚ್ಚರವಾಗುತ್ತದೆ, ಹಗಲು ಬೆಳಕಿನಲ್ಲಿ ಓಡಾಡಿ, ಸಂಜೆ ಎಂಟರವರೆಗೆ ಮಲಗದಿದ್ದರೆ ಸರಿಹೋಗುತ್ತದೆ.

ಹಿಂದಿರುಗುವ ಟಿಕೆಟ್ಟನ್ನು ಮಾತ್ರ ದಿನಾಂಕ ಬದಲಿಸಲು ಬರುವಂಥದ್ದನ್ನೇ ತೆಗೆದುಕೊಳ್ಳಿ. ಚಳಿಗಾಲದಲ್ಲಿ ಆ ಊರಿನ ಮನೆಗಳಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ನೆಗಡಿ ಇದ್ದೇ ಇರುತ್ತದೆ, ಮಗುವನ್ನು ಎತ್ತಿಕೊಳ್ಳುವ ಅಜ್ಜಿಗೆ ಅದು ಅಂಟದೆ ಬಿಡುವುದಿಲ್ಲ. ಬೆಂಗಳೂರಿನ ಇಳಿಕೆ ಕಿವಿಗೆ ಸುಲಭವೆಂದು ಆಗಲೇ ಹೇಳಿದ್ದೇನಾದರೂ ಮೂಗು ಪೂರ್ತಿ ಕಟ್ಟಿದ್ದರೆ ಒಂದು ವಾರ ಮುಂದೂಡಿ, ಅಷ್ಟು ದಿನ ಮೊಮ್ಮಗುವಿನ ಜೊತೆ ಇದ್ದು ಬನ್ನಿ.